ಯಾರ ಗುಂಡು ತಗುಲಿತು? ‘ಬೆಂಗಾಲ್’ ಎಂಬ ಪುಟ್ಟ ಹಡಗಿನ ಒಂದು ಮಧ್ಯಾಹ್ನ

ನೌಕಾದಿನ ಹತ್ತಿರ ಬಂತೆಂದರೆ ಒಂದು ಕಥೆ ವಾಟ್ಸಾಪ್‌ನಲ್ಲಿ ತೇಲಿ ಬರುತ್ತದೆ. ಎರಡನೇ ಮಹಾಯುದ್ಧದ ಕಾಲ, ಒಂದೇ ತೋಪಿನ ಪುಟ್ಟ ಭಾರತೀಯ ಹಡಗು, ಎದುರಿಗೆ ಜಪಾನಿನ ಎರಡು ದೈತ್ಯ ಹಡಗುಗಳು. ಕೊನೆಗೆ ದೈತ್ಯಗಳಲ್ಲಿ ಒಂದು ಸಮುದ್ರದ ತಳ ಸೇರುತ್ತದೆ, ಪುಟ್ಟದು ಬದುಕಿ ಬರುತ್ತದೆ. ಕಥೆ ಸುಳ್ಳಲ್ಲ. ಆದರೆ ಅಂದು ಅಲ್ಲಿ ನಾಲ್ಕನೆಯ ಹಡಗೊಂದು ಇತ್ತು ಎಂಬುದು ಈ ಸಂದೇಶಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗಿರುತ್ತದೆ. ಆ ನಾಲ್ಕನೆಯದನ್ನು ಮರಳಿ ತಂದು ನಿಲ್ಲಿಸಿದರೆ ಮಾತ್ರ ಅಸಾಧ್ಯದಂತೆ ಕಾಣುವ ಈ ಘಟನೆ ಹೇಗೆ ನಡೆಯಿತೆಂದು ಅರ್ಥವಾಗುತ್ತದೆ.

ಹಡಗಿನ ಹೆಸರು ‘ಬೆಂಗಾಲ್’. ಪೂರ್ತಿ ಹೇಳಬೇಕೆಂದರೆ ಎಚ್‌ಎಂಐಎಸ್ ಬೆಂಗಾಲ್, ಅಂದರೆ ‘ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್’. ದೊರೆ ಲಂಡನ್ನಿನವನು, ನೌಕೆ ಭಾರತದ್ದು. ನಮ್ಮ ಆಗಿನ ನೌಕಾಪಡೆಗೆ 1934ರಲ್ಲಿ ‘ರಾಯಲ್ ಇಂಡಿಯನ್ ನೇವಿ’ ಎಂದು ಹೆಸರಾಯಿತು. ಹೆಸರು ದೊಡ್ಡದು, ಪಡೆ ಚಿಕ್ಕದು. 1939ರಲ್ಲಿ ಯುದ್ಧ ಶುರುವಾದಾಗ ಅಧಿಕಾರಿಗಳೂ ನಾವಿಕರೂ ಸೇರಿ ಎರಡು ಸಾವಿರ ಜನವೂ ಇರಲಿಲ್ಲ. ಹಡಗುಗಳನ್ನು ಎರಡು ಕೈಬೆರಳಲ್ಲಿ ಎಣಿಸಬಹುದಿತ್ತು. ನಾವಿಕರಲ್ಲಿ ಬಹಳಷ್ಟು ಮಂದಿ ಕೊಂಕಣದ ರತ್ನಾಗಿರಿ ಕಡೆಯವರು, ಪಂಜಾಬಿನವರು. ಮೇಲಧಿಕಾರಿಗಳಲ್ಲಿ ಹೆಚ್ಚಿನವರು ಬಿಳಿಯರು.

ಇಂಥ ಪಡೆಗೆ ಹಡಗು ಬೇಕಿತ್ತು, ಬೇಗ ಬೇಕಿತ್ತು. ಬ್ರಿಟನ್ನಿನ ಹಡಗುಕಟ್ಟೆಗಳಿಗೆ ತಮ್ಮದೇ ಕೆಲಸ ಕುತ್ತಿಗೆವರೆಗೆ ಇತ್ತು. ಹಾಗಾಗಿ ಭಾರತದ ನಾಲ್ಕು ಹಡಗುಗಳನ್ನು ಆಸ್ಟ್ರೇಲಿಯಾ ಕಟ್ಟಿಕೊಟ್ಟಿತು: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಯುದ್ಧದ ಅವಸರಕ್ಕೆಂದೇ ಆಸ್ಟ್ರೇಲಿಯಾ 60 ‘ಬ್ಯಾಥರ್ಸ್ಟ್’ ವರ್ಗದ ಹಡಗುಗಳನ್ನು ನಿರ್ಮಿಸಿತು. ಅವುಗಳಲ್ಲಿ ಈ ನಾಲ್ಕು ನಮ್ಮ ಪಾಲಿನವು. ಬೆಂಗಾಲ್ ಹುಟ್ಟಿದ್ದು ಸಿಡ್ನಿಯ ಕಾಕಟೂ ದ್ವೀಪದ ಹಡಗುಕಟ್ಟೆಯಲ್ಲಿ. 1941ರ ಡಿಸೆಂಬರಿನಲ್ಲಿ ಅಡಿಗಟ್ಟು ಹಾಕಿ, 1942ರ ಮೇ ತಿಂಗಳಲ್ಲಿ ನೀರಿಗಿಳಿಸಿ, ಆಗಸ್ಟ್ 8ರಂದು ಸೇವೆಗೆ ಸೇರಿಸಿದರು. ಎಂಟೇ ತಿಂಗಳ ಕೆಲಸ. ಆ ದಿನಾಂಕವನ್ನು ಮತ್ತೊಮ್ಮೆ ನೋಡಿ. ಅದೇ 1942ರ ಆಗಸ್ಟ್ 8ರಂದು ಮುಂಬೈಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ ಸಮಿತಿ ‘ಭಾರತ ಬಿಟ್ಟು ತೊಲಗಿ’ ಗೊತ್ತುವಳಿ ಅಂಗೀಕರಿಸಿತು. ದೊರೆಯ ಹಡಗಿಗೆ ಸಿಡ್ನಿಯಲ್ಲಿ ಬಾವುಟ ಏರಿಸುವ ಹೊತ್ತಿಗೆ ದೊರೆಯನ್ನೇ ಹೊರಡು ಎನ್ನುವ ಕೂಗು ಮುಂಬೈಯಲ್ಲಿ ಎದ್ದಿತ್ತು. ಕಾಕತಾಳೀಯವೇ ಇರಬಹುದು, ಆದರೂ ಈ ಹಡಗಿನ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಇನ್ನು ಹೆಸರಿನ ಬಗ್ಗೆ ಒಂದು ಅಡ್ಡಮಾತು. ಈ ಪಡೆಯ ಇಂಥ ಸಣ್ಣ ಹಡಗುಗಳಲ್ಲಿ ಹಲವಕ್ಕೆ ಪ್ರಾಂತಗಳ ಹೆಸರು. ‘ಕೊಂಕಣ್’ ಇತ್ತು, ‘ಕರ್ನಾಟಿಕ್’ ಎಂಬ ಹಡಗೂ ಇತ್ತು. ಎರಡನೆಯದನ್ನು ಕೇಳಿ ಕನ್ನಡಿಗರು ಖುಷಿಪಡುವ ಮೊದಲು ನೆನಪಿಡಬೇಕು: ಬ್ರಿಟಿಷರ ಬಾಯಲ್ಲಿ ‘ಕರ್ನಾಟಿಕ್’ ಎಂದರೆ ಆರ್ಕಾಟಿನ ನವಾಬನ ಸೀಮೆ, ನಮ್ಮದಲ್ಲ.

ಬೆಂಗಾಲ್ ಎಷ್ಟು ದೊಡ್ಡದು? ಉದ್ದ 186 ಅಡಿ, ಸುಮಾರು 57 ಮೀಟರ್. ತೂಕ 650 ಟನ್ನಿನ ಆಸುಪಾಸು. ಉಗಿ ಎಂಜಿನ್ ಪೂರ್ತಿ ದುಡಿದರೆ ವೇಗ 15 ನಾಟ್, ನೆಲದ ಲೆಕ್ಕದಲ್ಲಿ ಗಂಟೆಗೆ 28 ಕಿಲೋಮೀಟರ್. ನಗರದ ಬಸ್ಸು ಇದಕ್ಕಿಂತ ಜೋರಾಗಿ ಓಡುತ್ತದೆ. ಇದರ ಮೂಲ ಉದ್ಯೋಗ ಮೈನ್ ಗುಡಿಸುವುದು. ಶತ್ರುಗಳು ಸಮುದ್ರದ ತಳಕ್ಕೆ ಭಾರ ಕಟ್ಟಿ, ನೀರಿನ ಮೇಲ್ಮೈಯ ಸ್ವಲ್ಪ ಕೆಳಗೆ ತೇಲುವಂತೆ ಸಿಡಿಗುಂಡು ಬಿಟ್ಟಿರುತ್ತಾರೆ. ಈ ಹಡಗು ಹಿಂದೆ ಉದ್ದನೆಯ ಉಕ್ಕಿನ ತಂತಿ ಎಳೆಯುತ್ತ ಸಾಗುತ್ತದೆ. ತಂತಿಗೆ ಕತ್ತರಿಗಳಿರುತ್ತವೆ. ಅವು ಸಿಡಿಗುಂಡಿನ ಸರಪಳಿಯನ್ನು ಕತ್ತರಿಸಿದಾಗ ಗುಂಡು ಮೇಲೆ ತೇಲಿ ಬರುತ್ತದೆ, ಆಗ ದೂರದಿಂದ ಹೊಡೆದು ಒಡೆಯುತ್ತಾರೆ. ಗದ್ದೆಯಲ್ಲಿ ಕಳೆ ಕೀಳುವಂಥ ಕೆಲಸ, ನಿಧಾನದ್ದು, ಹೆಸರು ತರದ್ದು. ಬಿಡುವಾದಾಗ ಬೇರೆ ಹಡಗುಗಳಿಗೆ ಬೆಂಗಾವಲಾಗಿ ಹೋಗಬೇಕು, ಜಲಾಂತರ್ಗಾಮಿಗಳನ್ನು ಹುಡುಕಬೇಕು. ಹೀಗಾಗಿ ಜನ ಇದನ್ನು ‘ಕಾರ್ವೆಟ್’, ಅಂದರೆ ಸಣ್ಣ ಬೆಂಗಾವಲು ನೌಕೆ, ಎಂದೇ ಕರೆದರು. ದೊಡ್ಡ ಯುದ್ಧನೌಕೆಗಳ ಜೊತೆ ಎದುರುಬದುರು ಕಾದಾಡಲು ಇದನ್ನು ಯಾರೂ ಕಟ್ಟಿರಲಿಲ್ಲ.

ತೋಪಿನ ವಿಷಯದಲ್ಲಿ ಪುಸ್ತಕಗಳೇ ಒಂದಕ್ಕೊಂದು ಹೊಂದುವುದಿಲ್ಲ. ಈ ವರ್ಗದ ನಕ್ಷೆಯ ಪ್ರಕಾರ ಮುಂಭಾಗದಲ್ಲಿ ನಾಲ್ಕು ಅಂಗುಲದ ಒಂದು ತೋಪು ಇರಬೇಕು. ಕೆಲವರು ಬೆಂಗಾಲ್‌ಗೂ ಅದನ್ನೇ ಬರೆಯುತ್ತಾರೆ. ಆದರೆ ಯುದ್ಧಕಾಲದಲ್ಲಿ ಆ ತೋಪುಗಳಿಗೆ ಬರ ಇತ್ತು. ಹಲವು ಹಡಗುಗಳಿಗೆ ಅದರ ಬದಲು ಹಳೆಯ ‘12 ಪೌಂಡರ್’ ಕೊಟ್ಟರು. ಮೂರು ಅಂಗುಲದ ಬಾಯಿ, ಹನ್ನೆರಡು ಪೌಂಡಿನ ಗುಂಡು, ಅಂದರೆ ಐದೂವರೆ ಕಿಲೋ. ಬೆಂಗಾಲ್ ಹೊತ್ತಿದ್ದು ಇದನ್ನೇ ಎಂಬ ಪಕ್ಷಕ್ಕೆ ನನ್ನ ಮತ. ಇದರ ಜೊತೆ ಶತ್ರು ವಿಮಾನಗಳನ್ನು ಅಟ್ಟಲು ಕೆಲವು ಸಣ್ಣ ತೋಪುಗಳು. ಅವು ಹಡಗನ್ನು ಮುಳುಗಿಸುವಂಥವಲ್ಲ.

1942ರ ನವೆಂಬರ್ 5ರಂದು ಬೆಂಗಾಲ್ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಹೊರಟಿತು. ಹುಟ್ಟಿದ ಮೇಲೆ ಮೊದಲ ಬಾರಿ ‘ಊರಿಗೆ’ ಬರುವ ಪಯಣ. ನಡುವಿನ ನಿಲ್ದಾಣ ಹಿಂದೂ ಮಹಾಸಾಗರದ ನಟ್ಟನಡುವಿನ ಡಿಯೆಗೊ ಗಾರ್ಸಿಯಾ. ಜೊತೆಗಿದ್ದುದು ಒಂದೇ ಹಡಗು, ಡಚ್ಚರ ಎಣ್ಣೆ ಟ್ಯಾಂಕರ್ ‘ಓಂದಿನಾ’. ನಮ್ಮ ಕಥೆಯಲ್ಲಿ ಕಾಣೆಯಾಗುವ ನಾಲ್ಕನೆಯ ಹಡಗು ಇದೇ. ಪರ್ಷಿಯನ್ ಕೊಲ್ಲಿಯ ಅಬಾದಾನ್‌ಗೆ ಎಣ್ಣೆ ತುಂಬಲು ಹೊರಟಿತ್ತು. ಆದ್ದರಿಂದ ಅದರ ಹೊಟ್ಟೆ ಖಾಲಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೊಂದು ಸಂಗತಿ: ಓಂದಿನಾದ ಹಿಂಭಾಗದಲ್ಲಿ ನಾಲ್ಕು ಅಂಗುಲದ ಒಂದು ತೋಪು ಇತ್ತು. ಬೆಂಗಾವಲಿನ ಹಡಗಿಗಿಂತ ಬೆಂಗಾವಲು ಪಡೆದ ಹಡಗಿನದೇ ಗಟ್ಟಿ ತೋಪು! ಅದಕ್ಕಿದ್ದ ಗುಂಡುಗಳು ಬರೀ 32.

ನವೆಂಬರ್ 11. ಮೊದಲನೇ ಮಹಾಯುದ್ಧ ಮುಗಿದು ಆ ದಿನಕ್ಕೆ ಸರಿಯಾಗಿ 24 ವರ್ಷ. ಕೊಕೋಸ್ ದ್ವೀಪಗಳ ನೈಋತ್ಯಕ್ಕೆ ಬಹಳ ದೂರ, ಎತ್ತ ನೋಡಿದರೂ ನೀರು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಒಂದು ಹಡಗು ಕಂಡಿತು, ಅದರ ಹಿಂದೆಯೇ ಇನ್ನೊಂದು. ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’.

ಈ ಎರಡು ಹಡಗುಗಳು ಯಾವ ಜಾತಿಯವು ಎಂಬುದರಲ್ಲೇ ಅರ್ಧ ಉತ್ತರ ಅಡಗಿದೆ. ಇವು ಯುದ್ಧನೌಕೆಗಳಾಗಿ ಹುಟ್ಟಿದವಲ್ಲ. ಒಸಾಕಾದ ಹಡಗು ಕಂಪನಿಯೊಂದರ ಪ್ರಯಾಣಿಕರ ಹಡಗುಗಳು, ವೇಗದವು, 21 ನಾಟ್ ಓಡಬಲ್ಲವು. ಜಪಾನಿನ ನೌಕಾಪಡೆ ಇವನ್ನು ವಶಕ್ಕೆ ತೆಗೆದುಕೊಂಡು ತಲಾ ಎಂಟು ದೊಡ್ಡ ತೋಪು, ಟಾರ್ಪಿಡೊ (ನೀರಿನಡಿ ತಾನಾಗಿ ಸಾಗಿ ಹಡಗಿಗೆ ಬಡಿಯುವ ಸಿಡಿಗುಂಡು) ಕೊಳವೆಗಳು, ನೀರಿನ ಮೇಲಿಳಿಯುವ ವಿಮಾನಗಳನ್ನು ಹೊರಿಸಿತು. ಉದ್ದೇಶ ಬೇಟೆ. ಒಂಟಿಯಾಗಿ ಹೋಗುವ ಸರಕು ಹಡಗು ಸಿಕ್ಕಿದರೆ ಮುಳುಗಿಸುವುದು, ಎಣ್ಣೆ ಹಡಗು ಸಿಕ್ಕಿದರೆ ಹಿಡಿದುಕೊಂಡು ಹೋಗುವುದು. ಆ ವರ್ಷ ಮೇ ತಿಂಗಳಲ್ಲಿ ಡಚ್ಚರ ‘ಜೆನೋಟಾ’ ಎಂಬ ಟ್ಯಾಂಕರನ್ನು ಹೀಗೆಯೇ ಹಿಡಿದಿದ್ದರು. ಜುಲೈಯಲ್ಲಿ ನ್ಯೂಜಿಲೆಂಡಿನ ‘ಹೌರಾಕಿ’ ಎಂಬ ಹಡಗು ಸಿಕ್ಕಿತ್ತು. ಅದೇ ಏಪ್ರಿಲಿನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ತ್ರಿಂಕೋಮಲಿ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ್ದವು. ನಮ್ಮ ಪಡೆಯದೇ ‘ಇಂಡಸ್’ ಎಂಬ ಹಡಗು ಬರ್ಮಾದ ಅಕ್ಯಾಬ್ ಬಳಿ ಅವರ ಬಾಂಬಿಗೆ ಮುಳುಗಿತ್ತು. ಹಿಂದೂ ಮಹಾಸಾಗರ ಹೆಸರಿಗಷ್ಟೇ ಬ್ರಿಟಿಷರ ಕೆರೆಯಾಗಿದ್ದ ಕಾಲ ಅದು.

ಇಲ್ಲಿ ಗಾತ್ರದ ಲೆಕ್ಕದಲ್ಲಿ ಅನೇಕರು ಜಾರುತ್ತಾರೆ. ‘ಹೊಕೊಕು ಮಾರು 10,438 ಟನ್, ಬೆಂಗಾಲ್ 650 ಟನ್, ಅಂದರೆ ಹದಿನಾರು ಪಟ್ಟು’ ಎಂದು ಬರೆಯುವುದುಂಟು. ಆದರೆ ಎರಡೂ ಒಂದೇ ಟನ್ ಅಲ್ಲ. ವ್ಯಾಪಾರಿ ಹಡಗಿನ ಟನ್ ಒಳಗಿನ ಜಾಗದ ಅಳತೆ, ನೂರು ಘನ ಅಡಿಗೆ ಒಂದು ಟನ್. ಯುದ್ಧನೌಕೆಯ ಟನ್ ನಿಜವಾದ ತೂಕ. ಸೇರಿನಲ್ಲಿ ಅಳೆದದ್ದನ್ನೂ ತಕ್ಕಡಿಯಲ್ಲಿ ತೂಗಿದ್ದನ್ನೂ ಭಾಗಿಸಿದ ಹಾಗಾಯಿತು. ನಿಜವಾದ ಅಂತರ ತಿಳಿಯಬೇಕಿದ್ದರೆ ಗುಂಡಿನ ತೂಕ ನೋಡಬೇಕು. ಜಪಾನಿನ 14 ಸೆಂಟಿಮೀಟರ್ ತೋಪಿನ ಒಂದು ಗುಂಡು 38 ಕಿಲೋ. ಬೆಂಗಾಲ್‌ನ 12 ಪೌಂಡರ್ ಗುಂಡುಗಳನ್ನು ಹೆಚ್ಚುಕಡಿಮೆ ಏಳು ಸೇರಿಸಿದರೆ ಅಷ್ಟಾಗುತ್ತದೆ. ಅಂಥ ತೋಪು ಎರಡೂ ಹಡಗು ಸೇರಿ ಹದಿನಾರು. ಈ ಕಡೆ ಬೆಂಗಾಲ್‌ನದೊಂದು, ಓಂದಿನಾದ್ದೊಂದು.

ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲಿಯಂ ಜೋಸೆಫ್ ವಿಲ್ಸನ್. ಮೀಸಲು ನೌಕಾಪಡೆಯ ಅಧಿಕಾರಿ. ಮೀಸಲು ಪಡೆಯವರೆಂದರೆ ಮೂಲತಃ ವ್ಯಾಪಾರಿ ಹಡಗುಗಳಲ್ಲಿ ದುಡಿದು ಬಂದವರು. ಅವರ ಮುಂದೆ ಎರಡು ದಾರಿ. ಓಡುವುದು ಒಂದು. ಆದರೆ ಬೆಂಗಾಲ್‌ನ ವೇಗ 15, ಓಂದಿನಾದ್ದು ಇನ್ನೂ ಕಡಿಮೆ, ಬೆನ್ನಟ್ಟುವವರದು 21. ಓಡಿದರೂ ಸಿಕ್ಕುವುದೇ. ಇನ್ನೊಂದು ದಾರಿ ನಡುವೆ ಅಡ್ಡ ನಿಲ್ಲುವುದು. ವಿಲ್ಸನ್ ಓಂದಿನಾಗೆ ತಪ್ಪಿಸಿಕೊಂಡು ಹೋಗುವಂತೆ ಸೂಚಿಸಿ, ಬೆಂಗಾಲ್‌ನ ಮೂತಿಯನ್ನು ನೇರ ಶತ್ರುವಿನತ್ತ ತಿರುಗಿಸಿದರು.

ಹುಚ್ಚು ಸಾಹಸದಂತೆ ಕಾಣುತ್ತದೆ, ಆದರೆ ಅದರೊಳಗೆ ಲೆಕ್ಕವೂ ಇದೆ. ಸಣ್ಣ ತೋಪಿಗೆ ದೂರದಿಂದ ಗುರಿ ನಿಲ್ಲುವುದಿಲ್ಲ, ಗುಂಡಿಗೆ ಕಸುವೂ ಇರುವುದಿಲ್ಲ. ಹತ್ತಿರ ಹೋದಷ್ಟೂ ಸಣ್ಣದಕ್ಕೂ ದೊಡ್ಡದಕ್ಕೂ ಇರುವ ಅಂತರ ಕುಗ್ಗುತ್ತದೆ. ಜೊತೆಗೆ, ಮೂತಿ ತೋರಿಸಿ ಬರುವ ಹಡಗು ಎದುರಾಳಿಗೆ ಕಾಣುವುದು ಕೆಲವೇ ಮೀಟರ್ ಅಗಲ. ಅಡ್ಡ ನಿಂತರೆ 57 ಮೀಟರ್ ಕಾಣುತ್ತದೆ. ಸರಿಸುಮಾರು ಮೂರು ಕಿಲೋಮೀಟರ್ ದೂರಕ್ಕೆ ಬರುವವರೆಗೆ ಕಾದು ಬೆಂಗಾಲ್ ಗುಂಡು ಹಾರಿಸಲು ಆರಂಭಿಸಿತು. ಅತ್ತ ಓಂದಿನಾ ಕೂಡ ಸುಮ್ಮನೆ ಓಡಲಿಲ್ಲ. ಅದರ ಕ್ಯಾಪ್ಟನ್ ವಿಲೆಮ್ ಹೋರ್ಸ್‌ಮನ್, ಶತ್ರುವಿಗೆ ಬೆನ್ನು ಮಾಡಿದರೆ ತನ್ನ ಹಿಂಭಾಗದ ತೋಪಿಗೆ ಗುರಿ ಸರಿಯಾಗಿ ಸಿಗುತ್ತದೆಂದು ಗೊತ್ತಿದ್ದವರು. ಡಚ್, ಬ್ರಿಟಿಷ್, ಆಸ್ಟ್ರೇಲಿಯನ್ ಗೋಲಂದಾಜರಿದ್ದ ಆ ತೋಪು ಹೊಕೊಕು ಮಾರುವಿನ ಮೇಲೆಯೇ ಗುರಿಯಿಟ್ಟಿತು.

ಆಗ ಒಂದು ಗುಂಡು ಹೊಕೊಕು ಮಾರುವಿನ ಬಲಬದಿಯ ಟಾರ್ಪಿಡೊ ಕೊಳವೆಗಳಿಗೆ ಬಡಿಯಿತು.

ಟಾರ್ಪಿಡೊ ಎಂದರೆ ನೂರಾರು ಕಿಲೋ ಸಿಡಿಮದ್ದಿನ ಮೂಟೆ. ನಿಜವಾದ ಯುದ್ಧನೌಕೆಯಲ್ಲಾದರೆ ಮದ್ದಿನ ಕೋಣೆಗೆ ಉಕ್ಕಿನ ಕವಚವಿರುತ್ತದೆ, ಒಂದು ಕಡೆ ಹತ್ತಿದ ಬೆಂಕಿ ಇನ್ನೊಂದು ಕಡೆ ಹಬ್ಬದಂತೆ ಗೋಡೆಗಳಿರುತ್ತವೆ. ಇದು ಕೋಟು ಬದಲಿಸಿದ ಪ್ರಯಾಣಿಕರ ಹಡಗು. ಎತ್ತರದ, ತೆಳು ಚರ್ಮದ ಮೈ. ಅದರ ಮೇಲೆ ಬಯಲಲ್ಲೇ ಟಾರ್ಪಿಡೊ, ವಿಮಾನ, ವಿಮಾನದ ಪೆಟ್ರೋಲು, ಒಳಗೆ ಎಂಟು ತೋಪಿನ ಮದ್ದು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬೇಟೆಗೆ ಹೊರಟ ಹಾಗೆ. ಹೊಡೆಯುವಾಗ ಅದಕ್ಕೆ ಸಮನಿಲ್ಲ, ಹೊಡೆಸಿಕೊಳ್ಳುವಾಗ ಕಾಗದದ ದೋಣಿ. ಹೆಚ್ಚುಕಡಿಮೆ ಒಂದು ವರ್ಷದ ಹಿಂದೆ, 1941ರ ನವೆಂಬರಿನಲ್ಲಿ, ಇದೇ ಸಾಗರದಲ್ಲಿ ಜರ್ಮನಿಯ ‘ಕೊರ್ಮೊರಾನ್’ ಎಂಬ ಇಂಥದೇ ವೇಷಧಾರಿ ಹಡಗು ಆಸ್ಟ್ರೇಲಿಯಾದ ಯುದ್ಧನೌಕೆ ‘ಸಿಡ್ನಿ’ಯನ್ನು ಅದರಲ್ಲಿದ್ದ 645 ಜನರ ಸಮೇತ ಮುಳುಗಿಸಿತ್ತು. ಆದರೆ ಸಿಡ್ನಿಯ ಗುಂಡು ಎಂಜಿನ್ ಕೋಣೆಗೆ ಬಿದ್ದು ಕೊರ್ಮೊರಾನ್‌ಗೂ ಬೆಂಕಿ ಹತ್ತಿತು. ಹೊಟ್ಟೆಯಲ್ಲಿದ್ದ ಮೈನ್‌ಗಳಿಗೆ ಹೆದರಿ ಅದರ ಜನ ಹಡಗನ್ನು ಬಿಟ್ಟರು.

ಹೊಕೊಕು ಮಾರುವಿನಲ್ಲಿ ಟಾರ್ಪಿಡೊ ಸಿಡಿದು ಬೆಂಕಿ ವಿಮಾನದ ಇಂಧನಕ್ಕೆ ಹರಡಿತು. ಹಡಗು ವಾಲತೊಡಗಿತು. ಕೊನೆಗೆ ಮದ್ದಿನ ಕೋಣೆ ಸಿಡಿಯಿತು. ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿಗೆ ಹಡಗು ಮುಳುಗಿಹೋಗಿತ್ತು. ಅದರಲ್ಲಿದ್ದ 354 ಜನರಲ್ಲಿ 76 ಮಂದಿ ಸತ್ತರು, ಕ್ಯಾಪ್ಟನ್ ಇಮಾಜಾಟೊ ಅವರಲ್ಲೊಬ್ಬರು.

ಹಾಗಾದರೆ ಆ ಗುಂಡು ಯಾರದು? ಯುದ್ಧ ಮುಗಿಯುವ ಮುಂಚೆಯೇ ಈ ಜಗಳ ಶುರುವಾಗಿತ್ತು. ಬ್ರಿಟಿಷ್ ಭಾರತದ ಪ್ರಚಾರಕ್ಕೆ ಬೆಂಗಾಲ್‌ನ ಗುಂಡು ಬೇಕಿತ್ತು. ಡಚ್ಚರಿಗೆ ಓಂದಿನಾದ ಗುಂಡು. ಎರಡೂ ಹಡಗುಗಳು ಒಂದೇ ಗುರಿಗೆ ಒಂದೇ ಹೊತ್ತಿನಲ್ಲಿ ಹೊಡೆಯುತ್ತಿದ್ದವು. ಹೊಗೆ, ಗದ್ದಲ, ನೀರೆರಚಾಟದ ನಡುವೆ ಯಾರು ತಾನೇ ಗುಂಡಿನ ಹಿಂದೆ ಓಡಿ ನೋಡಲು ಸಾಧ್ಯ? ನನಗೆ ಓಂದಿನಾದ ಕಡೆಗೆ ತಕ್ಕಡಿ ವಾಲುತ್ತದೆ. ಅದರ ತೋಪಿನ ಗುಂಡು 14 ಕಿಲೋ ತೂಗುವಂಥದ್ದು, ಬೆಂಗಾಲ್‌ನದ್ದಕ್ಕಿಂತ ಎರಡೂವರೆ ಪಟ್ಟು ಭಾರ. ಆದರೆ ಟಾರ್ಪಿಡೊ ಸಿಡಿಸಲು ಐದೂವರೆ ಕಿಲೋ ಗುಂಡೂ ಸಾಕು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಒಂದು ಮಾತ್ರ ಖಚಿತ. ಬೆಂಗಾಲ್ ಎದುರಿಗೆ ನುಗ್ಗದೆ ಇದ್ದಿದ್ದರೆ ಹೊಕೊಕು ಮಾರುವಿನ ತೋಪುಗಳೆಲ್ಲ ಮೊದಲ ಕ್ಷಣದಿಂದ ಓಂದಿನಾ ಮೇಲೆಯೇ ತಿರುಗಿರುತ್ತಿದ್ದವು. ನಿಂತು ಗುರಿಯಿಡಲು ಟ್ಯಾಂಕರಿನ ಗೋಲಂದಾಜರಿಗೆ ಆ ಕೆಲವು ನಿಮಿಷ ಸಿಕ್ಕಿದ್ದು ಬೆಂಗಾಲ್‌ನಿಂದ.

ಇನ್ನೂ ಐಕೊಕು ಮಾರು ಉಳಿದಿತ್ತಲ್ಲ. ಬೆಂಗಾಲ್‌ನ ಮದ್ದು ತಳ ಕಾಣುತ್ತಿತ್ತು, ಮೈಗೂ ಹೊಡೆತ ಬಿದ್ದಿತ್ತು. ವಿಲ್ಸನ್ ಹೊಗೆಯ ಪರದೆ ಎಬ್ಬಿಸಿ ಅದರ ಮರೆಯಲ್ಲಿ ಹಿಂದೆ ಸರಿದರು. ಇಷ್ಟೆಲ್ಲ ಗುಂಡಿನ ಮಳೆಯಲ್ಲೂ ಬೆಂಗಾಲ್‌ನಲ್ಲಿ ಒಬ್ಬರ ಜೀವವೂ ಹೋಗಲಿಲ್ಲ. ದೂರದಿಂದ ಅವರಿಗೆ ಕಂಡ ದೃಶ್ಯದಲ್ಲಿ ಓಂದಿನಾ ಮುಗಿದೇಹೋಗಿತ್ತು. ಹಾಗೆ ನಂಬಿಕೊಂಡೇ ಬೆಂಗಾಲ್ ಡಿಯೆಗೊ ಗಾರ್ಸಿಯಾ ಸೇರಿತು.

ಓಂದಿನಾ ಮುಗಿದಿರಲಿಲ್ಲ. ಐಕೊಕು ಮಾರು ಅದನ್ನು ಬೆನ್ನಟ್ಟಿ ಹೊಡೆಯಿತು. ಟ್ಯಾಂಕರಿನ 32 ಗುಂಡುಗಳೂ ತೀರಿದವು. ಹೋರ್ಸ್‌ಮನ್ ಎಂಜಿನ್ ನಿಲ್ಲಿಸಿ, ಜನ ದೋಣಿಗಳಿಗೆ ಇಳಿಯಲಿ ಎಂದು ಆಜ್ಞೆ ಕೊಟ್ಟರು. ಅಷ್ಟರಲ್ಲಿ ಒಂದು ಗುಂಡು ಮೇಲ್ಗಟ್ಟೆಗೆ ಬಿದ್ದು ಅವರೇ ಸತ್ತರು. ಜಪಾನಿನವರು ಹತ್ತಿರ ಬಂದು ಎರಡು ಟಾರ್ಪಿಡೊ ಹೊಡೆದರು. ದೋಣಿಗಳಲ್ಲಿದ್ದವರ ಮೇಲೂ ಮಷಿನ್ ಗನ್ ತಿರುಗಿಸಿದರು, ಅದರಲ್ಲಿ ಇನ್ನೂ ಕೆಲವರು ಸತ್ತರು. ಆಮೇಲೆ ಐಕೊಕು ಮಾರು ತನ್ನ ಜೋಡಿ ಹಡಗಿನ ಜನ ಈಜುತ್ತಿದ್ದ ಕಡೆಗೆ ಹೊರಟಿತು. ಟ್ಯಾಂಕರ್ ತಾನಾಗಿಯೇ ಮುಳುಗುತ್ತದೆಂದು ಅವರ ಲೆಕ್ಕ.

ಖಾಲಿ ಹೊಟ್ಟೆಯ ಮಾತು ಈಗ ಉಪಯೋಗಕ್ಕೆ ಬಂತು. ಎಣ್ಣೆ ಹಡಗಿನ ಒಳಗು ಒಂದೇ ದೊಡ್ಡ ಕೋಣೆಯಲ್ಲ, ಅಡ್ಡಗೋಡೆಗಳಿಂದ ಹಲವು ತೊಟ್ಟಿಗಳಾಗಿ ಹಂಚಿಹೋಗಿರುತ್ತದೆ. ಎಣ್ಣೆ ತುಂಬಿದ್ದರೆ ಹೊತ್ತಿ ಉರಿಯುತ್ತಿತ್ತು. ಖಾಲಿಯಿದ್ದುದರಿಂದ ಟಾರ್ಪಿಡೊ ಬಿದ್ದ ತೊಟ್ಟಿಗಳಿಗೆ ಮಾತ್ರ ನೀರು ನುಗ್ಗಿತು, ಉಳಿದವು ಬಾವಿಯಲ್ಲಿ ಮುಚ್ಚಿ ಬಿಟ್ಟ ಖಾಲಿ ಕೊಡಗಳಂತೆ ಹಡಗನ್ನು ಎತ್ತಿ ಹಿಡಿದವು. ಓಂದಿನಾ ವಾಲಿತು, ಮುಳುಗಲಿಲ್ಲ. ಶತ್ರು ಮರೆಯಾದ ಮೇಲೆ ದೋಣಿಯಲ್ಲಿದ್ದವರು ಮರಳಿ ಹತ್ತಿದರು, ಬೆಂಕಿ ಆರಿಸಿದರು, ಇನ್ನೊಂದು ಬದಿಗೆ ನೀರು ತುಂಬಿ ವಾಲಿದ್ದನ್ನು ನೆಟ್ಟಗೆ ಮಾಡಿದರು, ಎಂಜಿನ್ ಹೊತ್ತಿಸಿದರು. ನವೆಂಬರ್ 18ರಂದು ಓಂದಿನಾ ಹೊರಟ ಬಂದರಿಗೇ, ಫ್ರೀಮ್ಯಾಂಟಲ್‌ಗೆ, ಬಂದು ಸೇರಿತು.

ಈ ಕಾದಾಟದ ಬಳಿಕ ಜಪಾನ್ ಹಿಂದೂ ಮಹಾಸಾಗರದಲ್ಲಿ ಇಂಥ ವೇಷಧಾರಿ ಹಡಗುಗಳ ಬೇಟೆಯನ್ನು ಹೆಚ್ಚುಕಡಿಮೆ ಕೈಬಿಟ್ಟಿತು. ಒಂದು ಪುಟ್ಟ ಹಡಗಿನ ಎದೆಗಾರಿಕೆಗೆ ಹೆದರಿ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಕಾರಣ ಇನ್ನೂ ಸಪ್ಪೆ. ಆ ಹೊತ್ತಿಗೆ ಪೆಸಿಫಿಕ್ಕಿನ ಗ್ವಾಡಲ್‌ಕೆನಾಲ್ ದ್ವೀಪದ ಕದನದಲ್ಲಿ ಜಪಾನಿಗೆ ಸಾಗಣೆಯ ಹಡಗುಗಳಿಗೆ ಪರದಾಟ. ಬೇಟೆಗಿಂತ ಸೈನಿಕರನ್ನೂ ಸಾಮಾನನ್ನೂ ಹೊರುವುದಕ್ಕೆ ಇಂಥ ವೇಗದ ಹಡಗು ಬೇಕಿತ್ತು. ಐಕೊಕು ಮಾರು ಹಾಗೆ ಸಾಗಣೆಗೆ ಇಳಿಯಿತು.

ವಿಲ್ಸನ್‌ಗೆ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಬಂತು. ಭಾರತೀಯ ನಾವಿಕರಿಗೂ ಪದಕಗಳು ಬಂದವು. ಆದರೆ ಅದೇ ಪಡೆಯ ಕೆಳಗಿನ ನಾವಿಕರು ಊಟ, ಸಂಬಳ, ಬಿಳಿ ಅಧಿಕಾರಿಗಳ ಬೈಗುಳ ಇವನ್ನು ತಾಳಲಾರದೆ 1946ರ ಫೆಬ್ರವರಿ 18ರಂದು ಮುಂಬೈಯ ‘ತಲ್ವಾರ್’ ನೆಲೆಯಲ್ಲಿ ಮುಷ್ಕರ ಹೂಡಿದರು. ಅದು ಹಡಗಿನಿಂದ ಹಡಗಿಗೆ ಹಬ್ಬಿತು. ಮೂರು ವರ್ಷದ ಹಿಂದೆ ಬೆಂಗಾಲ್‌ನ ಸಾಹಸ ಹೇಳಿ ಹುಡುಗರನ್ನು ಸೇರಿಸಿಕೊಂಡಿದ್ದ ಸರ್ಕಾರ ಈಗ ಅವರತ್ತಲೇ ಬಂದೂಕು ತಿರುಗಿಸಿತು.

ದೇಶ ವಿಭಜನೆಯಾದಾಗ ಹಡಗುಗಳನ್ನೂ ಹಂಚಿದರು. ಬೆಂಗಾಲ್ ಭಾರತದ ಪಾಲಿಗೆ ಬಂದು, 1950ರ ಬಳಿಕ ಹೆಸರಿನ ಮುಂದಿನ ದೊರೆಯ ಅಕ್ಷರಗಳು ಹೋಗಿ ಐಎನ್‌ಎಸ್ ಬೆಂಗಾಲ್ ಆಯಿತು. 1960ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದರು. ಓಂದಿನಾ ರಿಪೇರಿಯಾಗಿ ಯುದ್ಧದ ನಂತರವೂ ಎಣ್ಣೆ ಹೊತ್ತಿತು. ಐಕೊಕು ಮಾರು 1944ರ ಫೆಬ್ರವರಿ 17ರಂದು ಪೆಸಿಫಿಕ್ಕಿನ ‘ಟ್ರಕ್’ ಎಂಬ ದ್ವೀಪದ ಲಂಗರುದಾಣದಲ್ಲಿ ನಿಂತಿತ್ತು. ಅಮೆರಿಕದ ವಿಮಾನಗಳು ಬಂದವು. ಅದರ ಹೊಟ್ಟೆಯೊಳಗಿನ ಮದ್ದಿಗೆ ಬೆಂಕಿ ತಗುಲಿ, ಜೋಡಿ ಹಡಗಿನಂತೆಯೇ ಅದೂ ಸಿಡಿದು ಮುಳುಗಿತು.